ಹಸುಗೂಸಿನ ಕೋಣೆಯ ಹೊಗೆ, ಗಾಳಿ, ಬಿಸುಪು: ನ್ಯುಮೋನಿಯಾ ತಡೆಯಲು ಮನೆಯನ್ನು ಯಾವ ಕ್ರಮದಲ್ಲಿ ಸರಿಪಡಿಸಬೇಕು

ಮಗು ಹುಟ್ಟಿದ ಮನೆಯಲ್ಲಿ ಮೊದಲು ಮುಚ್ಚಿಕೊಳ್ಳುವುದು ಕಿಟಕಿ. ‘ಶೀತವಾದೀತು’ ಎಂದು ಬಾಗಿಲ ಸಂದಿಗೆ ಹಳೆಯ ಸೀರೆ ತುರುಕುತ್ತಾರೆ, ಗವಾಕ್ಷಿಗೆ ರಟ್ಟು ಅಡ್ಡ ಇಡುತ್ತಾರೆ. ಆಮೇಲೆ ಅದೇ ಕೋಣೆಗೆ ಕೆಂಡದ ಬಟ್ಟಲು ಬರುತ್ತದೆ, ಸಾಂಬ್ರಾಣಿ ಬರುತ್ತದೆ, ರಾತ್ರಿಯಾದರೆ ಸೊಳ್ಳೆ ಬತ್ತಿಯೂ ಬರುತ್ತದೆ. ಮಗುವಿಗೆ ಕೆಮ್ಮು ಹತ್ತಿದಾಗ ‘ಇಷ್ಟೆಲ್ಲ ಜೋಪಾನ ಮಾಡಿದರೂ ಹೀಗಾಯಿತಲ್ಲ’ ಎಂಬ ಮಾತು. ಜೋಪಾನಕ್ಕೇನೂ ಕೊರತೆಯಿರುವುದಿಲ್ಲ, ಅದರ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಹೊಗೆ ಹೋಗಬೇಕು, ಆಮೇಲೆ ಗಾಳಿ ಬರಬೇಕು, ಬೆಚ್ಚಗಿಡುವ ಕೆಲಸ ಮೂರನೆಯದು.

ನ್ಯುಮೋನಿಯಾ ತಣ್ಣನೆಯ ಗಾಳಿಯಿಂದ ಹುಟ್ಟುವ ಕಾಯಿಲೆಯಲ್ಲ. ಬ್ಯಾಕ್ಟೀರಿಯಾ ಅಥವಾ ವೈರಸ್ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿದು, ಅಲ್ಲಿ ಕೀವು ಅಥವಾ ನೀರು ತುಂಬಿಕೊಳ್ಳುವುದರಿಂದ ಬರುತ್ತದೆ. ಉಸಿರುನಾಳದ ಒಳಗೋಡೆಯಲ್ಲಿರುವ ಸಣ್ಣ ರೋಮಗಳು ರೋಗಾಣುಗಳನ್ನು ಕಫದ ಜೊತೆ ಮೇಲಕ್ಕೆ ತಳ್ಳುತ್ತಿರುತ್ತವೆ. ಹೊಗೆ ಈ ರೋಮಗಳನ್ನು ಮಂಕಾಗಿಸುತ್ತದೆ. ಮನೆಯೊಳಗಿನ ಹೊಗೆ ಎಳೆಯ ಮಕ್ಕಳ ನ್ಯುಮೋನಿಯಾ ಅಪಾಯವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮಗು ಈಗಾಗಲೇ ಏದುಸಿರು ಬಿಡುತ್ತಿದ್ದರೆ ಇದನ್ನು ಮೊದಲಿನಿಂದ ಓದುತ್ತ ಕೂರಬೇಡಿ. ನೇರವಾಗಿ 8ನೇ ಹಂತಕ್ಕೆ ಹೋಗಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲ್, ಒಂದು ಟಾರ್ಚ್, ಡಿಜಿಟಲ್ ಥರ್ಮಾಮೀಟರ್, ಸೊಳ್ಳೆ ಪರದೆ, ಸೋಪು, ಮಗುವಿನ ತಾಯಿ ಕಾರ್ಡ್, ಬರೆದುಕೊಳ್ಳಲು ಒಂದು ಹಾಳೆ. ಇಷ್ಟು ಸಾಕು. ಗಾಳಿ ಶುದ್ಧೀಕರಿಸುವ ದುಬಾರಿ ಯಂತ್ರದ ಬಗ್ಗೆ ಕೇಳುವವರಿದ್ದಾರೆ. ಪಕ್ಕದಲ್ಲೇ ಊದುಬತ್ತಿ ಉರಿಯುತ್ತಿರುವ ಕೋಣೆಯಲ್ಲಿ ಆ ಯಂತ್ರ ಇಡುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ.

ಹಂತ 1: ಒಂದು ದಿನದ ಹೊಗೆಯನ್ನು ಬರೆದಿಡಿ

ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಮನೆಯಲ್ಲಿ ಏನೇನು ಉರಿಯಿತು, ಎಷ್ಟು ಹೊತ್ತು, ಆಗ ಮಗು ಎಲ್ಲಿತ್ತು ಎಂದು ಬರೆಯಿರಿ. ‘ನಮ್ಮಲ್ಲಿ ಗ್ಯಾಸ್ ಒಲೆ, ಹೊಗೆಯೇ ಇಲ್ಲ’ ಎನ್ನುವವರ ಹಾಳೆಯೂ ತುಂಬುತ್ತದೆ: ಬಚ್ಚಲ ಹಂಡೆಯ ಉರಿ, ದೇವರ ಮನೆಯ ಊದುಬತ್ತಿ, ಸಂಜೆಯ ಧೂಪ, ಸೊಳ್ಳೆ ಬತ್ತಿ, ಜಗಲಿಯಲ್ಲಿ ಅಜ್ಜನ ಬೀಡಿ, ಕೊಟ್ಟಿಗೆಯಲ್ಲಿ ನೊಣ ಓಡಿಸಲು ಹಾಕಿದ ಹೊಗೆ, ಪಕ್ಕದ ಖಾಲಿ ಸೈಟಿನಲ್ಲಿ ಸುಟ್ಟ ಕಸ.

ಆಮೇಲೆ ಟಾರ್ಚ್ ಪರೀಕ್ಷೆ. ಮಗುವನ್ನು ಬೇರೆ ಕೋಣೆಯಲ್ಲಿ ಬಿಟ್ಟು, ಅದು ಮಲಗುವ ಕೋಣೆಯಲ್ಲಿ ಎಂದಿನಂತೆ ಸಾಂಬ್ರಾಣಿಯನ್ನೋ ಊದುಬತ್ತಿಯನ್ನೋ ಹಚ್ಚಿ. ಅದು ಆರಿದ ಮೇಲೆ ದೀಪ ಆರಿಸಿ, ತೊಟ್ಟಿಲ ಎತ್ತರದಲ್ಲಿ ಟಾರ್ಚನ್ನು ಅಡ್ಡ ಹಿಡಿಯಿರಿ. ಬೆಳಕಿನ ಕೋಲು ಹಾಲಿನಂತೆ ಬೆಳ್ಳಗೆ ಕಂಡರೆ ಅದು ಹೊಗೆ. ಕಣ್ಣಿಗೆ ಕೋಣೆ ತಿಳಿಯಾಗಿ ಕಂಡು, ಮೂಗಿಗೆ ಪರಿಮಳವಷ್ಟೇ ಬಂದರೂ ಟಾರ್ಚಿನ ಬೆಳಕಿನಲ್ಲಿ ಎಳೆ ಎಳೆಯಾಗಿ ತೇಲುತ್ತಿರುತ್ತದೆ. ಎಷ್ಟು ನಿಮಿಷಕ್ಕೆ ಅದು ಮಾಯವಾಯಿತು ಎಂದು ಬರೆದುಕೊಳ್ಳಿ. ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಹೀಗೆ ನೋಡಿದಾಗ ಮುಕ್ಕಾಲು ಗಂಟೆಯಾದರೂ ಬೆಳಕು ಮಬ್ಬಾಗಿಯೇ ಇತ್ತು. ಅಲ್ಲಿಯವರೆಗೆ ನನ್ನ ಮಾತಿಗೆ ತಲೆಯಾಡಿಸದ ಅಜ್ಜಿ ಟಾರ್ಚು ಕಸಿದುಕೊಂಡು ತಾವೇ ಮತ್ತೊಮ್ಮೆ ನೋಡಿದರು.

ಹಂತ 2: ಹೊಗೆಯ ಮೂಲಗಳನ್ನು ಈ ಕ್ರಮದಲ್ಲಿ ತೆಗೆಯಿರಿ

ಎಲ್ಲವನ್ನೂ ಒಂದೇ ದಿನ ನಿಲ್ಲಿಸಲು ಹೋದವರು ವಾರದೊಳಗೆ ಸೋತಿರುತ್ತಾರೆ. ಮಗುವಿನ ಮೂಗಿಗೆ ಹತ್ತಿರವಿರುವುದು ಮೊದಲು ಹೋಗಲಿ.

ಮೊದಲನೆಯದು ಕೆಂಡ ಮತ್ತು ಸಾಂಬ್ರಾಣಿ. ಎಣ್ಣೆ-ನೀರಾದ ಮೇಲೆ ಮಗುವನ್ನು ಹೊಗೆಯ ಮೇಲೆ ಹಿಡಿಯುವುದು, ಬುಟ್ಟಿ ಕವುಚಿ ಬಾಣಂತಿಯ ಕೂದಲು ಒಣಗಿಸುವುದು ಅನೇಕ ಮನೆಗಳ ರೂಢಿ. ಇಲ್ಲಿ ಅಪಾಯ ಎರಡು ಬಗೆಯದು. ಹೊಗೆ ಕಾಣುತ್ತದೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದೇ ಇರುವುದು ಇದರಿಂದಲೇ. ಹೊಗೆ ನಿಂತ ಕೆಂಡ ಸುರಕ್ಷಿತ ಎಂಬ ನಂಬಿಕೆ ಈ ಪಟ್ಟಿಯ ಅತ್ಯಂತ ಕೆಟ್ಟ ತಪ್ಪು. ಮಗುವಿನ ತಲೆಯನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿದರೆ ಎರಡು ನಿಮಿಷದಲ್ಲಿ ಒಣಗುತ್ತದೆ. ಬಾಣಂತಿಯ ಕೂದಲು ಬಿಸಿಲಿಗೋ ಫ್ಯಾನಿಗೋ ಒಣಗಲಿ. ಹಿರಿಯರ ಮನಸ್ಸು ಒಪ್ಪದಿದ್ದರೆ ಜಗಳ ಬೇಡ. ಸಾಂಬ್ರಾಣಿ ಅಂಗಳದಲ್ಲಿ ಹಾಕಲಿ, ಮಗು ಒಳಗಿರಲಿ. ಪೂರ್ತಿ ನಿಲ್ಲಿಸಿ ಎಂದು ಹಟ ಹಿಡಿದ ಸೊಸೆಯಂದಿರಿಗಿಂತ ಜಾಗ ಬದಲಿಸಿದವರು ಬೇಗ ಗೆದ್ದಿದ್ದನ್ನು ನೋಡಿದ್ದೇನೆ.

ಎರಡನೆಯದು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳದ್ದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಬತ್ತಿಯನ್ನು ಮಂಚದ ಕೆಳಗೆ ಇಡುವ ಮನೆಗಳಿವೆ. ಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯಡಿಗೆ ಸೇರಿಸಿ. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಆದ್ದರಿಂದ ಹಗಲು ನಿದ್ದೆಗೂ ಪರದೆ ಬೇಕು.

ಮೂರನೆಯದು ಬೀಡಿ, ಸಿಗರೇಟು. ‘ಹೊರಗೆ ಹೋಗಿ ಸೇದುತ್ತೇನಲ್ಲ’ ಎನ್ನುವವರು ಕಿಟಕಿಯ ಕೆಳಗೇ ನಿಂತಿರುತ್ತಾರೆ, ಬಂದವರೇ ಮಗುವನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಅಂಗಿಯಲ್ಲೂ ಬೆರಳಲ್ಲೂ ಹೊಗೆಯ ಅಂಶ ಉಳಿದಿರುತ್ತದೆ. ಬಿಡುವುದೇ ಸರಿಯಾದ ದಾರಿ. ಅಲ್ಲಿಯವರೆಗೆ ಮನೆಯಿಂದ ದೂರ ಸೇದಬೇಕು, ಅಂಗಿ ಬದಲಿಸಿ ಕೈ-ಬಾಯಿ ತೊಳೆದ ಮೇಲೆಯೇ ಮಗುವನ್ನು ಮುಟ್ಟಬೇಕು.

ನಾಲ್ಕನೆಯದು ಸೌದೆ ಒಲೆ. ಗ್ಯಾಸ್ ಇದ್ದರೂ ಚಹಾ, ಒಗ್ಗರಣೆಗಷ್ಟೇ ಅದನ್ನು ಬಳಸಿ, ಮುದ್ದೆ, ರೊಟ್ಟಿ, ಸ್ನಾನದ ನೀರಿಗೆ ಸೌದೆ ಉರಿಸುವುದು ಮಾಮೂಲು. ಸಿಲಿಂಡರ್ ದುಬಾರಿ, ಇದರಲ್ಲಿ ಮನೆಯವರನ್ನು ಬೈಯುವಂಥದ್ದೇನೂ ಇಲ್ಲ. ಆದರೆ ಉಳಿತಾಯವನ್ನು ಬೇರೆ ರೀತಿ ಹಂಚಬಹುದು: ಒಳಗೆ ಆಗಬೇಕಾದ ಅಡುಗೆಗೆಲ್ಲ ಗ್ಯಾಸ್ ಇರಲಿ, ನೀರು ಕಾಯಿಸುವುದೂ ಭತ್ತ ಬೇಯಿಸುವುದೂ ಹೊರಗಿನ ಒಲೆಗೆ ಹೋಗಲಿ. ಸೌದೆ ಒಲೆಯೊಂದೇ ಗತಿಯೆಂದಾದರೆ ಹೊಗೆಕೊಳವೆ ಇರುವ ಅಸ್ತ್ರ ಒಲೆಯಂಥದ್ದನ್ನು ಹಾಕಿಸಿ. ಕೊಳವೆ ಸೂರಿನ ನೆತ್ತಿಗಿಂತ ಮೇಲಿರಬೇಕು, ಒಳಗೆ ಕಟ್ಟಿದ ಮಸಿಯನ್ನು ಆಗಾಗ ಉದುರಿಸಬೇಕು. ಮಸಿ ಕಟ್ಟಿದ ಕೊಳವೆಯ ಒಲೆ ಒಂದು ತಿಂಗಳಲ್ಲಿ ಹಳೆಯ ಒಲೆಯಷ್ಟೇ ಹೊಗೆಯಾಡುವುದನ್ನು ಯಾವ ಊರಿನಲ್ಲಿ ಬೇಕಾದರೂ ನೋಡಬಹುದು. ಮಳೆಗಾಲಕ್ಕೆ ಮುಂಚೆ ಸೌದೆ ಒಣಗಿಸಿ ಸೂರಿನಡಿ ಪೇರಿಸಿಡಿ, ಹಸಿ ಸೌದೆ ಉರಿಗಿಂತ ಹೊಗೆ ಹೆಚ್ಚು ಕೊಡುತ್ತದೆ. ಊದುಗೊಳವೆ ಊದುವಾಗ ಮಗು ಸೊಂಟದ ಮೇಲಿರಬಾರದು.

ಒಂದು ಎಚ್ಚರಿಕೆ. ಗ್ವಾಟೆಮಾಲಾ, ಪೆರು, ರುವಾಂಡಾ ಮತ್ತು ತಮಿಳುನಾಡಿನ ಹಳ್ಳಿಗಳಲ್ಲಿ ಗರ್ಭಿಣಿಯರಿದ್ದ ಮನೆಗಳಿಗೆ ಗ್ಯಾಸ್ ಒಲೆಯನ್ನೂ ಗ್ಯಾಸನ್ನೂ ಕೊಟ್ಟು ನಡೆಸಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹೊಗೆ ಚೆನ್ನಾಗಿಯೇ ಇಳಿಯಿತು, ಆದರೆ ಒಂದು ವರ್ಷದೊಳಗಿನ ಮಕ್ಕಳ ತೀವ್ರ ನ್ಯುಮೋನಿಯಾದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಒಲೆ ಬದಲಿಸಿ ‘ಮುಗಿಯಿತು’ ಎಂದು ಕುಳಿತುಕೊಳ್ಳುವಂತಿಲ್ಲ. ಮುಂದಿನ ಹಂತಗಳು ಇರುವುದು ಅದಕ್ಕೇ.

ಹಂತ 3: ಈಗ ಕಿಟಕಿ ತೆರೆಯಿರಿ

ಒಂದೇ ಕಿಟಕಿ ತೆರೆದರೆ ಗಾಳಿ ಬಾಗಿಲಲ್ಲೇ ನಿಲ್ಲುತ್ತದೆ. ಎದುರುಬದುರಾಗಿ ಎರಡು ಕಡೆ ತೆರೆಯಬೇಕು: ಒಂದು ಕಿಟಕಿ, ಒಂದು ಬಾಗಿಲಾದರೂ ಸರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಲಾ ಹದಿನೈದು ನಿಮಿಷ ತೆರೆದಿಡಿ. ಆ ಹೊತ್ತಿನಲ್ಲಿ ಚಳಿಯೆನಿಸಿದರೆ ಮಗುವನ್ನು ಪಕ್ಕದ ಕೋಣೆಗೆ ಕರೆದೊಯ್ಯಿರಿ. ಸೂರಿನ ಹತ್ತಿರದ ಗವಾಕ್ಷಿಯನ್ನು ಮಾತ್ರ ಹಗಲೂ ರಾತ್ರಿಯೂ ಮುಚ್ಚಬೇಡಿ. ಬಿಸಿ ಹೊಗೆ ಮೇಲೇರಿ ಅಲ್ಲಿಂದಲೇ ಹೋಗುತ್ತದೆ, ಗಾಳಿ ಮಗುವಿನ ಮೈಮೇಲೆ ಬೀಸುವುದೂ ಇಲ್ಲ. ಅಲ್ಲಿರುವ ರಟ್ಟು, ಪ್ಲಾಸ್ಟಿಕ್ಕು ತೆಗೆದು ಸೊಳ್ಳೆ ಜಾಲರಿ ಹೊಡೆಸಿ.

ಬೆಂಗಳೂರಿನಂಥ ಊರಿನಲ್ಲಿ, ಕಿಟಕಿಯಾಚೆ ಮುಖ್ಯರಸ್ತೆಯೇ ಇದ್ದರೆ, ಸಂಚಾರ ದಟ್ಟವಾಗುವ ಮೊದಲು ಮತ್ತು ಮಧ್ಯಾಹ್ನ ತೆರೆಯಿರಿ. ಫ್ಲಾಟ್‌ಗಳಲ್ಲಿ ಅಡುಗೆಮನೆಯ ಹೊಗೆಫ್ಯಾನು ಒಗ್ಗರಣೆಗೆ ಮೊದಲು ಶುರುವಾಗಿ, ಒಲೆ ಆರಿದ ಮೇಲೂ ಹತ್ತು ನಿಮಿಷ ತಿರುಗಬೇಕು.

ಹಂತ 4: ಹೊಗೆಯಿಲ್ಲದೆ ಬೆಚ್ಚಗಿಡಿ

ನವಜಾತ ಶಿಶುವಿಗೆ ತಾಯಿಯ ಎದೆಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ. ಮಗುವನ್ನು ಟೊಪ್ಪಿ, ಲಂಗೋಟಿಯಲ್ಲಿ ಚರ್ಮಕ್ಕೆ ಚರ್ಮ ತಾಗುವಂತೆ ಎದೆಯ ಮೇಲೆ ಮಲಗಿಸಿ ಮೇಲೊಂದು ಹೊದಿಕೆ ಹಾಕಿದರೆ ಸಾಕು. ತಾಯಿ ದಣಿದಿದ್ದರೆ ತಂದೆಯೋ ಅಜ್ಜಿಯೋ ಇದನ್ನು ಮಾಡಬಹುದು. ಹುಟ್ಟಿದ ಕೂಡಲೇ ಸ್ನಾನ ಮಾಡಿಸುವ ಆತುರ ಬೇಡ, ಕನಿಷ್ಠ 24 ಗಂಟೆ ಕಳೆಯಲಿ.

ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು, ಇದು ಬಟ್ಟೆಯ ಲೆಕ್ಕ. ನಾಲ್ಕು ಸ್ವೆಟರ್ ಹಾಕಿದ ಮಗುವಿನ ಕತ್ತಿನ ಹಿಂಭಾಗ ಬೆವರಿದ್ದರೆ ಬಿಸಿ ಹೆಚ್ಚಾಗಿದೆ. ಪಾದ ಮತ್ತು ಹೊಟ್ಟೆ ಎರಡೂ ತಣ್ಣಗಿದ್ದರೆ ಬಿಸಿ ಸಾಲದು. ಎದೆಯನ್ನು ಬಿಗಿಯಾಗಿ ಸುತ್ತಬೇಡಿ. ಬಿಗಿಯಾಗಿ ಸುತ್ತಿದ ಮಗುವಿನ ಉಸಿರಾಟ ಕೆಟ್ಟಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 5: ತೇವ, ಬೂಷ್ಟು

ಮಲೆನಾಡು, ಕರಾವಳಿಯವರು ಇದನ್ನು ಬಿಡುವಂತಿಲ್ಲ. ಆಷಾಢದಲ್ಲಿ ಮಗುವಿನ ಲಂಗೋಟಿಗಳೆಲ್ಲ ತೊಟ್ಟಿಲ ಮೇಲಿನ ಹಗ್ಗದಲ್ಲೇ ಒಣಗುತ್ತವೆ, ಅವುಗಳ ನೀರೆಲ್ಲ ಕೋಣೆಯ ಗಾಳಿಗೇ ಸೇರುತ್ತದೆ. ಬಟ್ಟೆ ಜಗಲಿಗೋ ಬೇರೆ ಕೋಣೆಗೋ ಹೋಗಲಿ. ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದು, ಬೀರುವಿನ ಹಿಂದೆ ಟಾರ್ಚು ಬಿಟ್ಟು ನೋಡಿ. ಕಪ್ಪು ಅಥವಾ ಹಸಿರು ಚುಕ್ಕೆ ಕಂಡರೆ ಸೋಪುನೀರಿನಿಂದ ತಿಕ್ಕಿ ಒಣಗಿಸಿ, ಆ ಹೊತ್ತಿಗೆ ಮಗು ಅಲ್ಲಿರಬಾರದು. ಸೋರುವ ಹೆಂಚನ್ನೋ ಕೊಳವೆಯನ್ನೋ ಸರಿಪಡಿಸದೆ ಬೂಷ್ಟಿನ ಮೇಲೆ ಬಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಏಳುತ್ತದೆ.

ಹಂತ 6: ಜನ, ಕೈ, ಎಣ್ಣೆ, ಒಳಲೆ

ರೋಗಾಣು ಮನೆಗೆ ಬರುವುದು ಮನುಷ್ಯರ ಮೂಲಕ. ನೆಗಡಿಯಾದವರು ಎಷ್ಟೇ ಹತ್ತಿರದ ನೆಂಟರಾದರೂ ಮಗುವನ್ನು ಎತ್ತಿಕೊಳ್ಳದಿರಲಿ. ನಾಮಕರಣದ ದಿನ ಮಗು ಕೈಯಿಂದ ಕೈಗೆ ದಾಟುವುದನ್ನು ತಡೆಯುವ ಕೆಲಸ ಅಜ್ಜಿಗೇ ವಹಿಸಿ, ಅವರ ಮಾತನ್ನು ಯಾರೂ ಮೀರುವುದಿಲ್ಲ. ಅಂಗನವಾಡಿಯಿಂದ ಬಂದ ಅಕ್ಕ-ಅಣ್ಣ ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ತೊಟ್ಟಿಲ ಹತ್ತಿರ ಬರಲಿ. ಕರಾಚಿಯ ಬಡಾವಣೆಗಳಲ್ಲಿ ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿಸಿದ ಪ್ರಯೋಗದಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧದಷ್ಟು ಇಳಿದಿತ್ತು, ಆ ವರದಿ 2005ರದ್ದು. ಇಷ್ಟು ಅಗ್ಗದ ಔಷಧ ಇನ್ನೊಂದಿಲ್ಲ.

ಇನ್ನು ಮೂಗಿಗೆ ಎಣ್ಣೆ ಬಿಡುವ ವಿಚಾರ. ಸ್ನಾನಕ್ಕೆ ಮುಂಚೆ ಹರಳೆಣ್ಣೆ, ತೆಂಗಿನೆಣ್ಣೆ ಅಥವಾ ತುಪ್ಪವನ್ನು ಹನಿ ಹನಿಯಾಗಿ ಮೂಗಿಗೆ, ಗಂಟಲಿಗೆ ಬಿಡುತ್ತಾರೆ. ನೀರು ಸೇರಿದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಕೆಮ್ಮನ್ನೇ ಎಬ್ಬಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ. ಇದರಿಂದ ಬರುವ ನ್ಯುಮೋನಿಯಾ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ವೈದ್ಯರು ‘ಮೂಗಿಗೆ ಏನಾದರೂ ಬಿಟ್ಟಿದ್ದೀರಾ’ ಎಂದು ಕೇಳಿದಾಗ ಮುಚ್ಚಿಡಬೇಡಿ. ಎಣ್ಣೆ ಮೈಗೆ ತಿಕ್ಕಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮೂಗು ಕಟ್ಟಿದರೆ ಔಷಧದಂಗಡಿಯ ಉಪ್ಪುನೀರಿನ ಹನಿ ಸಾಕು. ಕರ್ಪೂರ ಬೆರೆಸಿದ ಎಣ್ಣೆ, ಮುಲಾಮುಗಳನ್ನು ಎಳೆಯ ಮಕ್ಕಳ ಎದೆ-ಮೂಗಿಗೆ ಹಚ್ಚಬೇಡಿ, ಕರ್ಪೂರದಿಂದ ಫಿಟ್ಸ್ ಬರಬಹುದು.

ಒಳಲೆಯದೂ ಇದೇ ಕಥೆ. ಅಳುವ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಔಷಧಿಯನ್ನೋ ಹಾಲನ್ನೋ ಸುರಿದರೆ ಒಂದು ಪಾಲು ಶ್ವಾಸನಾಳಕ್ಕೆ ಹೋಗುತ್ತದೆ. ಒಳಲೆ ಬಳಸಲೇಬೇಕಾದರೆ ಮಗು ಎಚ್ಚರವಿರಬೇಕು, ತಲೆ ಎತ್ತರದಲ್ಲಿರಬೇಕು, ಹಾಲು ಕೆನ್ನೆಯ ಬದಿಯಿಂದ ಇಳಿಯಬೇಕು, ಒಂದು ಗುಟುಕು ನುಂಗಿದ ಮೇಲೆ ಮುಂದಿನದು.

ನೀರಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆ, ಥಿನ್ನರ್, ಟರ್ಪೆಂಟೈನ್ ಇನ್ನೊಂದು ಗುಂಡಿ. ಅಂಬೆಗಾಲಿಡುವ ಮಗು ಒಂದು ಗುಟುಕು ಕುಡಿದರೂ ಶ್ವಾಸಕೋಶ ಸುಡುತ್ತದೆ. ಬೀಗದೊಳಗಿಡಿ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ವಾಂತಿಯ ಜೊತೆ ಅದು ಮತ್ತೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 7: ಎದೆಹಾಲು, ತಾಯಿ ಕಾರ್ಡ್

ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡ. ಜೇನು, ಸಕ್ಕರೆನೀರು ಯಾವುದೂ ಬೇಡ. ತಾಯಿ ಕಾರ್ಡ್ ತೆಗೆದು ನೋಡಿ: ಪೆಂಟಾವಲೆಂಟ್ 6, 10, 14 ವಾರಕ್ಕೆ, ನ್ಯುಮೊಕಾಕಲ್ ಲಸಿಕೆ 6 ವಾರ, 14 ವಾರ ಮತ್ತು 9 ತಿಂಗಳಿಗೆ, ದಡಾರ-ರುಬೆಲ್ಲಾ 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ. ಸರ್ಕಾರಿ ಕೇಂದ್ರಗಳಲ್ಲಿ ಎಲ್ಲವೂ ಉಚಿತ. ಹೆಚ್ಚಾಗಿ ತಪ್ಪಿಹೋಗುವುದು 9 ತಿಂಗಳದ್ದು. ಅಷ್ಟರಲ್ಲಿ ತಾಯಿ ತವರಿನಿಂದ ಗಂಡನ ಮನೆಗೆ ಮರಳಿರುತ್ತಾಳೆ, ಕಾರ್ಡು ತವರಿನ ಬೀರುವಿನಲ್ಲೇ ಉಳಿದಿರುತ್ತದೆ. ದಿನ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ತಡವಾಗಿಯೂ ಹಾಕಿಸಬಹುದು.

ಹಂತ 8: ಉಸಿರು ಎಣಿಸುವುದನ್ನು ಮಗು ಚೆನ್ನಾಗಿರುವಾಗಲೇ ಕಲಿಯಿರಿ

ಕಾಯಿಲೆ ಬಂದ ರಾತ್ರಿ ಮೊದಲ ಬಾರಿ ಎಣಿಸಲು ಕೂತವರ ಕೈ ನಡುಗುತ್ತದೆ, ಲೆಕ್ಕ ತಪ್ಪುತ್ತದೆ.

1. ಮಗು ಶಾಂತವಾಗಿರಲಿ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ.

2. ಅಂಗಿಯನ್ನು ಎದೆಯವರೆಗೆ ಮೇಲೆತ್ತಿ. ಹೊಟ್ಟೆ-ಎದೆ ಒಮ್ಮೆ ಉಬ್ಬಿ ಇಳಿದರೆ ಒಂದು.

3. ಪೂರ್ತಿ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಎಳೆಯ ಮಕ್ಕಳ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಿಂತಂತಾಗುತ್ತದೆ. ಗಡಿಯಾರ ಒಬ್ಬರು ನೋಡಲಿ, ಎಣಿಕೆ ಇನ್ನೊಬ್ಬರು ಮಾಡಲಿ.

4. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಮಗುವಿನಲ್ಲಿ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ, ಆಗಲೂ 60 ಅಥವಾ ಹೆಚ್ಚು ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ದೊಡ್ಡ ಮಗುವಾದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

5. ಈಗ ಪಕ್ಕೆ ನೋಡಿ. ಉಸಿರು ಒಳಗೆಳೆದಾಗ ಎದೆಗೂಡಿನ ಕೆಳಭಾಗ, ಪಕ್ಕೆಲುಬು ಮುಗಿಯುವ ಜಾಗ, ಒಳಕ್ಕೆ ಕುಸಿಯುತ್ತಿದೆಯೇ? ಆರೋಗ್ಯವಂತ ಮಗುವಿನಲ್ಲಿ ಉಸಿರೆಳೆದಾಗ ಹೊಟ್ಟೆಯೂ ಎದೆಯೂ ಒಟ್ಟಿಗೆ ಹೊರಕ್ಕೆ ಬರುತ್ತವೆ. ಅಂಗಿಯ ಮೇಲಿಂದ ಇದು ಕಾಣುವುದಿಲ್ಲ.

ಎದೆಯಲ್ಲಿ ಗೊರಗೊರ ಸದ್ದು ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಬಹಳಷ್ಟು ಸಲ ಅದು ಕಟ್ಟಿದ ಮೂಗಿನ ಸದ್ದು. ಸದ್ದಿಲ್ಲದೆ ವೇಗವಾಗಿ ಉಸಿರಾಡುವ ಮಗುವನ್ನು ‘ಸುಮ್ಮನೆ ಮಲಗಿದೆ’ ಎಂದು ಬಿಟ್ಟುಬಿಡುತ್ತಾರೆ. ಜ್ವರವಿಲ್ಲದೆಯೂ ನ್ಯುಮೋನಿಯಾ ಬರುತ್ತದೆ, ನವಜಾತ ಶಿಶುವಿನಲ್ಲಿ ಮೈ ತಣ್ಣಗಾಗುವುದೂ ಒಂದು ಲಕ್ಷಣ.

ಕೂಡಲೇ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು

ಹಾಲು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತುಟಿ-ನಾಲಿಗೆ ನೀಲಿಯಾಗುವುದು, ಪ್ರತಿ ಉಸಿರಿಗೂ ನರಳುವುದು, ಪಕ್ಕೆ ಒಳಕ್ಕೆ ಸೆಳೆಯುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ದಾರಿಯಲ್ಲಿ ಮಗುವಿನ ತಲೆ ಎತ್ತರದಲ್ಲಿರಲಿ, ಮುಖಕ್ಕೆ ಶಾಲು ಮುಚ್ಚಬೇಡಿ. ಎಚ್ಚರವಿದ್ದು ತಾನಾಗಿ ಚೀಪಿದರೆ ಎದೆಹಾಲು ಕೊಡಿ.

ಮಾಡಬಾರದ್ದು ಕೆಲವಿವೆ. ಹೊಟ್ಟೆಗೆ, ಎದೆಗೆ ಬರೆ ಹಾಕಿಸುವುದು: ಊದುಬತ್ತಿಯದ್ದಾದರೂ ಬಳೆಚೂರಿನದ್ದಾದರೂ ಅದು ಗಾಯ ಮಾಡಿ ಸೋಂಕಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ, ಆಸ್ಪತ್ರೆಗೆ ಹೋಗುವ ಹೊತ್ತನ್ನೂ ತಿನ್ನುತ್ತದೆ. ಅಣ್ಣನಿಗೆ ಕೊಟ್ಟು ಉಳಿದ ಆ್ಯಂಟಿಬಯಾಟಿಕ್ ಕುಡಿಸುವುದು. ಕೆಮ್ಮಿನ ಸಿರಪ್: ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿದೆ. ಕುದಿಯುವ ನೀರಿನ ಹಬೆ ಹಿಡಿಯುವುದು: ಇದರಿಂದ ಕಫ ಕರಗುವ ಮೊದಲು ಮಗು ಸುಟ್ಟುಕೊಳ್ಳುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ

ಬರೆದುಕೊಟ್ಟ ಔಷಧಿಯನ್ನು ಮಗು ಆಡತೊಡಗಿತೆಂದು ನಡುವೆ ನಿಲ್ಲಿಸಬೇಡಿ. ವೈದ್ಯರು ಹೇಳಿದ ದಿನ ಮತ್ತೆ ತೋರಿಸಿ. ಬೆಳಿಗ್ಗೆ, ಸಂಜೆ ಉಸಿರು ಎಣಿಸಿ ಹಂತ 1ರ ಹಾಳೆಯ ಹಿಂಬದಿಯಲ್ಲಿ ಬರೆಯಿರಿ, ವೈದ್ಯರಿಗೆ ಆ ಹಾಳೆ ನಿಮ್ಮ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ಮಗು ಹೊಸ್ತಿಲು ದಾಟುವ ಮುಂಚೆ ಇನ್ನೊಂದು ಕೆಲಸವಿದೆ. ದೃಷ್ಟಿ ತೆಗೆಯುವ ಶಾಸ್ತ್ರಕ್ಕೆ ಯಾರೋ ಒಣಮೆಣಸಿನಕಾಯಿ, ಉಪ್ಪು, ಪೊರಕೆಕಡ್ಡಿ ಹಿಡಿದು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಆ ಘಾಟಿಗೆ ದೊಡ್ಡವರೇ ಕೆಮ್ಮುತ್ತಾರೆ. ಆಸ್ಪತ್ರೆಯಿಂದ ಹೊರಡುವಾಗಲೇ ಮನೆಗೆ ಫೋನ್ ಮಾಡಿ: ನಿವಾಳಿಸುವುದು ನಿವಾಳಿಸಲಿ, ಸುಡುವುದು ಮಾತ್ರ ಮಗು ಒಳಗೆ ಹೋದ ಮೇಲೆ, ಗಾಳಿ ಮನೆಯ ಕಡೆ ಬೀಸದ ಜಾಗದಲ್ಲಿ, ಹಿತ್ತಲಾಚೆ.